ಕಿತ್ತೆಸೆದ ಪಟಗ

ಅಕ್ಕಾ, ನಿನ್ನ ಮೈದುನ ಶರಣಪ್ಪ ಆ ಮಾತು ಅಂದಿರಲಿಲ್ಲ. ನಿನ್ನ ಹಿರಿಮಗಳು ನೀಲಾಳ ಮದುವೆಯಲ್ಲಿ, ಅಷ್ಟು ಜನರೆದುರು ನಾನು ಅವನ ಮೇಲೆ ಹೊರಿಸಿದ್ದು ಸುಳ್ಳು. ಹಸಿ ಸುಳ್ಳು.

ಯಂಕಂಚಿಯ ನಿಮ್ಮ ಮನೆ ಮುಂದೆ ಹಂದರ. ಸೋದರಮಾವ ನಾನು — ಅಕ್ಷತೆಯ ಹೊತ್ತಿಗೆ ಮದುಮಗಳ ಬೆನ್ನಿಗೆ ನಿಲ್ಲಬೇಕಾದವನು. ಶರಣಪ್ಪ ಹಿರಿಯರ ತಲೆಗೆಲ್ಲ ಮರ್ಯಾದೆಯ ಪಟಗ ಸುತ್ತುತ್ತ ಬಂದ. "ಬರ್ರಿ ಬೀಗರ," ಎಂದು ನಗುತ್ತಲೇ ನನ್ನ ತಲೆಗೂ ಸುತ್ತತೊಡಗಿದ. ಅಷ್ಟರಲ್ಲಿ ಬಾಜಾದವರು ಶುರು ಮಾಡಿದರು, ಜನ ಒತ್ತಿಕೊಂಡು ಬಂದರು. ನನ್ನ ಎದೆ ಒಂದೇ ಸಮನೆ ಬಡಿದುಕೊಂಡಿತು. ಕೈಗೆ ಜೋಮು ಹಿಡಿಯಿತು, ಉಸಿರು ಗಂಟಲಿನಿಂದ ಕೆಳಗಿಳಿಯದು. ಸತ್ತೆ, ಇಲ್ಲೇ, ಈ ಹುಡುಗಿಯ ಎದುರೇ ಸತ್ತೆ — ಅದೊಂದೇ ತಲೆಯಲ್ಲಿ. ಪಟಗ ಕಿತ್ತೆಸೆದೆ. ಜನರನ್ನು ತಳ್ಳಿಕೊಂಡು ಹೊರಗೆ ಓಡಿದೆ.

ಬೇವಿನ ಗಿಡದ ಕೆಳಗೆ ಉಸಿರು ತಿರುಗಿತು. ಕಣ್ಣು ತೆರೆದರೆ ನೀನು, ನಿನ್ನ ಗಂಡ ನಮ್ಮ ಮಾವ, ಗಂಡಿನ ಕಡೆಯವರು — ಎಲ್ಲ ಸುತ್ತ ನಿಂತಿದ್ದೀರಿ. "ಯಾಕೋ ತಮ್ಮಾ, ಏನಾತೋ?" ಎಂದೆ ನೀನು. ಹೆದರಿಕೆಯಾಯಿತು ಎನ್ನಬಹುದಿತ್ತು. ಆದರೆ... ನಮ್ಮಲ್ಲಿ ಗಂಡಸು ಮುನಿಸಿಕೊಂಡರೆ ಸಮಾಧಾನ ಹೇಳಲು ಹತ್ತು ಜನ ಬರುತ್ತಾರೆ. ಹೆದರಿ ಓಡಿದರೆ ಸಾಯುವ ತನಕ ಆಡಿಕೊಳ್ಳುತ್ತಾರೆ. ನನ್ನ ಬಾಯಿಂದ ಹೊರಟಿದ್ದು ಇದು: "'ಬರಿಗೈಲೆ ಬಂದೀರಿ' ಅಂತ ಶರಣಪ್ಪ ನನ್ನ ಕಿವ್ಯಾಗ ಅಂದ. ಮಾನ ಇಲ್ಲದಲ್ಲಿ ನಾ ನಿಂದ್ರೂದಿಲ್ಲ."

"ದೇವರಾಣಿ, ನಾ ಹಂಗ ಅಂದಿಲ್ರಿ," ಎಂದ ಶರಣಪ್ಪ. ಯಾರು ನಂಬುತ್ತಾರೆ? ಸುಮ್ಮಸುಮ್ಮನೆ ಯಾರಾದರೂ ಪಟಗ ಕಿತ್ತೆಸೆಯುತ್ತಾರೆಯೇ? ಮಾವ ಎಲ್ಲರೆದುರು ಅವನ ಕೆನ್ನೆಗೆ ಹೊಡೆದರು. ನಾನು ನೋಡುತ್ತ ನಿಂತಿದ್ದೆ. ಸೋದರಮಾವನಿಲ್ಲದೆಯೇ ನೀಲಾಳಿಗೆ ಅಕ್ಷತೆ ಬಿತ್ತು. ಆ ವರ್ಷವೇ ಅಣ್ಣತಮ್ಮಂದಿರು ಬೇರೆಯಾದರು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುದ್ದೇಬಿಹಾಳಕ್ಕೆ ಹೋದ.

ಮತ್ತೆ ನೀನು — ಹೇಗೆ ಬರೆಯಲಿ ಇದನ್ನು — ಹೊಸ ಪಟಗ ಹಿಡಿದು ಸಾಲೋಟಗಿಗೆ ನಮ್ಮ ಮನೆಗೆ ಬಂದೆ. ನನ್ನನ್ನು ಎತ್ತಿ ಆಡಿಸಿದವಳು, ನನ್ನ ಕಾಲಿಗೆ ಬಗ್ಗಿದೆ. "ತಪ್ಪಾತೋ ತಮ್ಮಾ, ಹೊಟ್ಯಾಗ ಹಾಕ್ಕೋ." ಆಗಲಾದರೂ ನಾನು... ಪಟಗ ತೆಗೆದುಕೊಂಡೆ. ಹಂದರದಲ್ಲಿ ಹೇಳಿದ ಸುಳ್ಳನ್ನು ಹೆದರಿಕೆ ಹೇಳಿಸಿತು ಎನ್ನೋಣ. ಇದನ್ನು ಯಾರು ಮಾಡಿಸಿದರು?

ಆಮೇಲೆ ಹಂದರದಲ್ಲಿ ಬಂದ ಆ ಸಾವಿನ ಹೆದರಿಕೆ ಎಲ್ಲೆಂದರಲ್ಲಿ ಬಂತು. ಇಂಡಿಯ ನಿಂಬೆ ಮಾರುಕಟ್ಟೆಯಲ್ಲಿ, ಸಿಂದಗಿ ಬಸ್ಸಿನಲ್ಲಿ, ಕಟಿಂಗ್ ಅಂಗಡಿಯವನು ಕೊರಳಿಗೆ ಬಟ್ಟೆ ಕಟ್ಟಿದಾಗ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ಬರುತ್ತದೆ, ಹೋಗುತ್ತದೆ, ಇದರಿಂದ ಸಾಯುವುದಿಲ್ಲ ಎಂದರು ವಿಜಯಪುರದ ಡಾಕ್ಟರು. ಈಗ ಬಸ್ಸಿನಲ್ಲಿ ಬಾಗಿಲ ಹತ್ತಿರವೇ ಕೂರುತ್ತೇನೆ. ಜೇಬಿನಲ್ಲಿ ನಮ್ಮ ತೋಟದ ನಿಂಬೆಹಣ್ಣು. ಎದೆ ಬಡಿದುಕೊಂಡರೆ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸುತ್ತೇನೆ, ಉಸಿರನ್ನು ನಿಧಾನವಾಗಿ ಬಿಡುತ್ತೇನೆ. ಯಾರೋ ಮಾಟ ಮಾಡಿಸಿದ್ದಾರೆ, ಅದಕ್ಕೇ ನಿಂಬೆಹಣ್ಣು ಎಂದು ಊರವರು ತಿಳಿದಿದ್ದಾರೆ. ತಿಳಿಯಲಿ ಎಂದು ಬಿಟ್ಟಿದ್ದೇನೆ — ನೋಡು, ಅಲ್ಲೂ ಬಚ್ಚಿಟ್ಟುಕೊಂಡೆ.

ಮೊನ್ನೆ ಫೋನಿನಲ್ಲಿ ಕಿರಿಮಗಳ ಮದುವೆಗೆ ಕರೆದೆಯಲ್ಲ. "ಶರಣಪ್ಪನ್ನ ಕರದಿಲ್ಲಪಾ, ನೀ ಮನಸಿಗಿ ಹಚ್ಕೋಬ್ಯಾಡ, ಬಾ," ಎಂದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಅವನನ್ನು ಕರೆ ಅಕ್ಕಾ. ಅದಕ್ಕೂ ಮೊದಲು ನಾನೇ ಮುದ್ದೇಬಿಹಾಳಕ್ಕೆ ಹೋಗುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಬೈದರೆ ಬೈಯಲಿ. ಮದುವೆಯ ದಿನ ಬಾಜಾ ನಿಲ್ಲಿಸಿ, ಹಂದರದ ನಡುವೆ ಬರಿತಲೆಯಲ್ಲಿ ನಿಂತು ಎಲ್ಲ ಹೇಳುತ್ತೇನೆ. ಎದೆ ಬಡಿದುಕೊಳ್ಳುತ್ತದೆ, ಗೊತ್ತು. ಮಾತು ಮುಗಿಯುವವರೆಗೆ ಓಡುವುದಿಲ್ಲ. ಅದಾದ ಮೇಲೆ ನೀನು ನನ್ನ ಮುಖ ನೋಡದಿದ್ದರೆ ಅದೂ ಸರಿಯೇ.

ಅವತ್ತು ಶರಣಪ್ಪ ನನ್ನ ಕಿವಿಯಲ್ಲಿ ಒಂದು ಮಾತು ಅಂದದ್ದು ಮಾತ್ರ ನಿಜ. ನನ್ನ ಹಣೆಯ ಬೆವರು ನೋಡಿ, ಸುತ್ತುವ ಕೈ ನಿಲ್ಲಿಸಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ್ದ: "ಬಿಗಿ ಆತೇನ್ರಿ ಬೀಗರ? ಸಡಲ ಮಾಡ್ಲೇನ್ರಿ?"