ಕೊಳ ತಂಗಿಗೆ, ಪಾರ್ಕಿಂಗ್ ಅಕ್ಕನಿಗೆ

ಬೆಳಗಿನ ಐದೂ ಕಾಲು. ಉದ್ಯಾನದ ಗೇಟಿನ ದೀಪ ಇನ್ನೂ ಆರಿಲ್ಲ. ಪಾರ್ಕಿಂಗ್ ಜಾಗದಲ್ಲಿ ಅಕ್ಕ ಉದ್ದ ಹಿಡಿಕೆಯ ಪೊರಕೆ ಹಿಡಿದು ಗುಡಿಸುತ್ತಿದ್ದಾರೆ. ಪೊರಕೆ ಜಲ್ಲಿಕಲ್ಲಿನ ಮೇಲಿದೆ, ಕಣ್ಣು ಮಾತ್ರ ತಂತಿಬೇಲಿಯಾಚೆಯ ಕೊಳದ ಮೇಲೆ. ಅಲ್ಲಿ ದಂಡೆ ಗುಡಿಸುತ್ತಿರುವವರು ಅವರ ಒಡಹುಟ್ಟಿದ ತಂಗಿ. ತಂಗಿ ಪೊರಕೆ ನಿಲ್ಲಿಸಿ ನೀರಿನತ್ತ ಬಗ್ಗಿದರೆ ಸಾಕು, ಅಕ್ಕ ಪತ್ರಿಕೆಯವರಾದ ನಮ್ಮತ್ತ ತಿರುಗುತ್ತಾರೆ. "ನೋಡಿ, ನೋಡಿ, ಏನೋ ಸಿಕ್ತು ಅವಳಿಗೆ. ಇನ್ನು ಸಾಯಂಕಾಲದವರೆಗೂ ಅದೇ ಪುರಾಣ ಕೇಳ್ಬೇಕು!"

ಉದ್ಯಾನದ ಕಚೇರಿಯ ಗೋಡೆಗೆ ಒಂದು ಕಪ್ಪು ಹಲಗೆ ಇದೆ. ಬೇಸಿಗೆ ಶುರುವಾದ ದಿನದಿಂದ ಮೊದಲ ಮಳೆಯವರೆಗೆ, ಯಾರಿಗೆ ಯಾವ ಹಕ್ಕಿ, ಹುಳು, ಪ್ರಾಣಿ ಕಂಡರೂ ಅವರು ಅದರಲ್ಲಿ ಸೀಮೆಸುಣ್ಣದಲ್ಲಿ ಬರೆಯಬಹುದು. ಷರತ್ತು ಒಂದೇ: ಬರೆದವರು, ಕೇಳಿದವರಿಗೆಲ್ಲ ಅದನ್ನು ಕರೆದುಕೊಂಡು ಹೋಗಿ ತೋರಿಸಬೇಕು. ಬೇಸಿಗೆ ಮುಗಿದಾಗ ಎಲ್ಲರಿಗಿಂತ ಹೆಚ್ಚು ಬರೆದವರ ಹೆಸರನ್ನು ಹಲಗೆಯ ನೆತ್ತಿಯಲ್ಲಿ ಬಣ್ಣದಲ್ಲಿ ಬರೆಸುತ್ತಾರೆ. ನಾಲ್ಕು ವರ್ಷದಿಂದ ಅಲ್ಲಿ ತಂಗಿಯ ಹೆಸರೇ ರಾರಾಜಿಸುತ್ತಿದೆ.

ಅಕ್ಕನಿಗೆ ಉರಿಯುವುದು ಇಲ್ಲಿಯೇ. ಇಪ್ಪತ್ತೆರಡು ವರ್ಷದ ಹಿಂದೆ ಈ ಕೆಲಸಕ್ಕೆ ಮೊದಲು ಸೇರಿದವರು ಅವರು. ಮೇಲ್ವಿಚಾರಕರ ಕೈಕಾಲು ಹಿಡಿದು ತಂಗಿಯನ್ನು ಸೇರಿಸಿದವರೂ ಅವರೇ. ಕೊಳದ ಕಡೆ ಗುಡಿಸುತ್ತಿದ್ದುದೂ ಅವರೇ. ಐದು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು; ಇಳಿಜಾರಿನ ದಂಡೆ ಹತ್ತಿ ಇಳಿಯುವುದು ಆಗಲಿಲ್ಲ. ಜಾಗ ಅದಲುಬದಲಾಯಿತು. "ಕೆಲಸ ಕೊಡಿಸಿದ್ದು ನಾನು, ಮಿಂಚುಳ್ಳಿ ಸಿಕ್ಕಿದ್ದು ಅವಳಿಗೆ. ಹೊಟ್ಟೆಕಿಚ್ಚು ಅಂದ್ರೆ ಅನ್ಕೊಳ್ಳಿ. ಇದೆ, ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ?"

ಪಾರ್ಕಿಂಗ್ ಅಂದರೆ ನೂರಾ ಹತ್ತು ವಾಹನ ನಿಲ್ಲುವ ಜಾಗ. ದಿನಕ್ಕೆ ಹದಿನಾಲ್ಕು ಬುಟ್ಟಿ ಎಲೆ, ಎರಡು ಚೀಲ ಪ್ಲಾಸ್ಟಿಕ್. ಎಂಟು ಗಂಟೆಗೆಲ್ಲ ಜಲ್ಲಿ ಕಾದು ಚಪ್ಪಲಿಯೊಳಗೂ ಬಿಸಿ ತಾಗುತ್ತದೆ. ತಂಗಿ ಏರೋಪ್ಲೇನ್ ಚಿಟ್ಟೆ, ಆಮೆ, ಉಡ ಎಂದು ಸಾಲುಸಾಲಾಗಿ ಬರೆಯುವಾಗ, ಅಕ್ಕ ಹೋದ ವರ್ಷ ಬರೆದದ್ದು: ಕಾಗೆ, ಅಳಿಲು, ಓತಿಕ್ಯಾತ. ಸಿಟ್ಟು ತಡೆಯಲಾರದೆ ಒಂದು ದಿನ 'ಕೆಂಪಿರುವೆ, ಸಾವಿರಕ್ಕೂ ಹೆಚ್ಚು' ಎಂದೂ ಬರೆದುಬಿಟ್ಟರು. ಕಚೇರಿಯವರು ನಕ್ಕು, ಅದನ್ನು ಒಂದೇ ಎಂದು ಹಿಡಿದರು.

ಈ ಬೇಸಿಗೆಯಲ್ಲಿ ಮಾತ್ರ ಅದೃಷ್ಟ ಪಾರ್ಕಿಂಗಿಗೇ ನಡೆದುಕೊಂಡು ಬಂತು. ಬೇಲಿಯ ಪಕ್ಕದ ಕೊನೆಯ ಸಾಲು ಗುಡಿಸುವಾಗ ಒಂದು ಟಿಟ್ಟಿಭ ಹಕ್ಕಿ ರೆಕ್ಕೆ ಬಿಚ್ಚಿ, ಕಿರುಚಿಕೊಂಡು ಪೊರಕೆಯ ಮೇಲೇ ಎರಗಿತು. ಅಕ್ಕ ಬಗ್ಗಿ ನೋಡಿದರೆ ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆ. ಇನ್ನೊಂದು ಬೀಸು ಬೀಸಿದ್ದರೆ ಅಷ್ಟೂ ಕಸದ ಬುಟ್ಟಿಗೆ ಹೋಗುತ್ತಿತ್ತು.

ಅಕ್ಕನಿಗೆ ಖುಷಿಯಲ್ಲಿ ಮೊಣಕಾಲೇ ಮರೆತುಹೋಯಿತು. ಕೊಳದ ದಂಡೆಯಲ್ಲಿ ಯಾರಿಗೂ ಈವರೆಗೆ ಗೂಡು ಸಿಕ್ಕಿಲ್ಲ; ಇದನ್ನು ಬರೆದರೆ ತಂಗಿಯ ಜಂಭ ಇಳಿಯಿತೆಂದೇ ಲೆಕ್ಕ. ಸೀಮೆಸುಣ್ಣ ಕೈಗೆತ್ತಿಕೊಂಡೂ ಆಯಿತು. ಆಗ ಷರತ್ತು ನೆನಪಾಯಿತು. ಬರೆದರೆ ತೋರಿಸಬೇಕು. ತೋರಿಸಿದರೆ ಕ್ಯಾಮೆರಾದವರು ಬರುತ್ತಾರೆ, ಮಕ್ಕಳ ದಂಡು ಬರುತ್ತದೆ, ಹಕ್ಕಿ ಹೆದರಿ ಮೊಟ್ಟೆ ಬಿಟ್ಟು ಹೋಗುತ್ತದೆ. ಅಕ್ಕ ಸೀಮೆಸುಣ್ಣವನ್ನು ಅಲ್ಲೇ ಇಟ್ಟು ಬಾಯಿಗೆ ಬೀಗ ಹಾಕಿಕೊಂಡರು.

ಮುರುಕು ಕೈಗಾಡಿಯೊಂದನ್ನು ಅಡ್ಡ ನಿಲ್ಲಿಸಿ, "ಮೋರಿ ಕುಸಿದಿದೆ, ಆಕಡೆ ನಿಲ್ಲಿಸಿ" ಎಂದು ಬಂದ ಕಾರುಗಳನ್ನೆಲ್ಲ ಸಾಗಹಾಕಿದರು. ಎರಡು ಕಾರಿನ ಜಾಗ ಗುಡಿಸದೆ ಬಿಟ್ಟಿದ್ದಕ್ಕೆ ಮೇಲ್ವಿಚಾರಕರಿಂದ ಬೈಸಿಕೊಂಡರು. ಒಂದು ಎಲೆ ಬಿದ್ದಿದ್ದರೂ ಮುಖ ಗಂಟಿಕ್ಕುವ ಅಕ್ಕ ನಾಲ್ಕು ವಾರ ಕಸ ನೋಡಿಕೊಂಡು ಸುಮ್ಮನಿದ್ದರು. ಸಂಕಟ ಅಷ್ಟಕ್ಕೇ ಮುಗಿಯಲಿಲ್ಲ. ಉರಿಬಿಸಿಲಲ್ಲಿ ಮೊಟ್ಟೆ ತಂಪು ಮಾಡಲು ತಾಯಿಹಕ್ಕಿ ಹೊಟ್ಟೆ ನೆನೆಸಿಕೊಂಡು ಬರುತ್ತದೆ. ನೆನೆಸಿಕೊಳ್ಳಲು ಹೋಗುತ್ತಿದ್ದುದು ಕೊಳಕ್ಕೆ! ತಂಗಿ ಅದನ್ನೂ ಬರೆದರು: 'ಟಿಟ್ಟಿಭ, ನೀರಿನಲ್ಲಿ ಸ್ನಾನ.' "ನನ್ನ ಹಕ್ಕಿ ಕಣ್ರೀ ಅದು! ನನ್ನ ಹಕ್ಕೀನೂ ಅವಳ ಲೆಕ್ಕಕ್ಕೆ ಹೋಯ್ತು." ಇಬ್ಬರ ಮನೆಗೂ ಇರುವುದು ಒಂದೇ ನಡುಗೋಡೆ. ಆ ರಾತ್ರಿ ತಂಗಿ ಮಕ್ಕಳಿಗೆ ಅದೇ ಕತೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತಂತೆ.

ಹೋದ ಭಾನುವಾರ ಮಧ್ಯಾಹ್ನ ಮೊಟ್ಟೆ ಒಡೆಯಿತು. ಒದ್ದೆ ಮೈಯ ನಾಲ್ಕು ಮರಿಗಳು ತಾಯಿಯ ಕಾಲಡಿಯಲ್ಲಿ ಮುದುರಿದ್ದನ್ನು ಅಕ್ಕ ಕೈಗಾಡಿಯ ಹಿಂದೆ ಕೂತು ಕಣ್ತುಂಬ ನೋಡಿದರು. ನಾಳೆ ಮರಿಗಳ ಕಾಲು ಗಟ್ಟಿಯಾಗಲಿ, ಆಮೇಲೆ ಬರೆಯೋಣ ಎಂದುಕೊಂಡು ಮನೆಗೆ ಹೋದರು. ಸೋಮವಾರ ಬೆಳಿಗ್ಗೆ ಬಂದರೆ ಗೂಡು ಬರಿದು. ಟಿಟ್ಟಿಭದ ಮರಿಗಳು ಹುಟ್ಟಿದ ಮರುದಿನವೇ ನಡೆದುಬಿಡುತ್ತವೆ. ಬೇಲಿಯಡಿ ನುಸುಳಿ, ತಾಯಿಯ ಹಿಂದೆ ಸೀದಾ ಕೊಳದ ದಂಡೆಗೆ ಹೋಗಿದ್ದವು.

ಕುಂಟುತ್ತಾ ಹಲಗೆಯ ಹತ್ತಿರ ಓಡಿದರು. ಅಲ್ಲಿ ತಂಗಿ ಆಗಲೇ ಬರೆದು ಕೈ ಕೊಡವುತ್ತಿದ್ದರು: 'ಟಿಟ್ಟಿಭದ ಮರಿ, ಮೂರು. ಕೊಳದ ದಂಡೆ.'

ಅಕ್ಕನ ಮೈಯೆಲ್ಲ ಉರಿದುಹೋಯಿತು. ಆದರೆ ಉರಿಗಿಂತ ಜೋರಾಗಿ ಇನ್ನೊಂದು ಭಯ ಹೊಕ್ಕಿತು. ಒಂದು ಮರಿ ಎಲ್ಲಿ? ತಂಗಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಅಂಗೈಯಲ್ಲಿ 'ಮೂರು' ಅಳಿಸಿ 'ನಾಲ್ಕು' ಎಂದು ಬರೆದರು.

"ಏಯ್ ಅಕ್ಕ, ಕಣ್ಣಾರೆ ಎಣಿಸಿದ್ದೀನಿ. ನಿಂಗೇನು ಗೊತ್ತು?"

"ಬಾಯ್ಮುಚ್ಚು. ಹೋಗಿ ತಾಯಿ ರೆಕ್ಕೆ ಕೆಳಗೆ ನೋಡ್ಕೊಂಡು ಬಾ."

ತಂಗಿ ಗೊಣಗುತ್ತಾ ಹೋದರು. ಹತ್ತು ನಿಮಿಷ ಬಿಟ್ಟು ಬಂದಾಗ ಮುಖದಲ್ಲಿ ಗೊಣಗಾಟ ಇರಲಿಲ್ಲ. ನಾಲ್ಕೇ ಇದ್ದವು. "ನಿಂಗೆ ಹೇಗೆ ಗೊತ್ತಾಯ್ತು?" ಎಂದು ಅಂದಿನಿಂದ ಇಂದಿನವರೆಗೂ ಪೀಡಿಸುತ್ತಿದ್ದಾರೆ. ಅಕ್ಕ ತುಟಿ ಬಿಚ್ಚಿಲ್ಲ. ಈ ವರ್ಷವೂ ಹಲಗೆಯ ನೆತ್ತಿಗೆ ಏರುವುದು ತಂಗಿಯ ಹೆಸರೇ.

ಅಷ್ಟು ಗುಟ್ಟಾಗಿಟ್ಟ ವಿಷಯವನ್ನು ಪತ್ರಿಕೆಯವರಿಗೇಕೆ ಹೇಳಿದಿರಿ ಎಂದು ಕೇಳಿದರೆ, ಅಕ್ಕ ಪೊರಕೆಗೆ ಗಲ್ಲ ಊರಿ ಕೊಳದ ಕಡೆ ನೋಡುತ್ತಾರೆ.

"ಅವಳು ಓದ್ಲಿ ಅಂತಾನೇ. ನಾಲ್ಕೂ ಹುಟ್ಟಿದ್ದು ನನ್ನ ಪಾರ್ಕಿಂಗಲ್ಲಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಅವಳು ಕನ್ನಡಕ ಹುಡುಕೋವರೆಗೂ ಕಾಯೋಕೆ ನನ್ನ ಕೈಲಾಗಲ್ಲ."