ಮರಮ್ಮನ ಕೈಮುಗಿಯೋ ಹುಳ

ಹನಗೋಡಿನ ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಇಪ್ಪತ್ತು ವರ್ಷದಿಂದ ಎಲೆ ಮುರಿಯಲು ಬರುವ ಮರಮ್ಮ ದೇವರಿಗಿಂತ ಹೆಚ್ಚು ಸಲ ಕೈಮುಗಿಯುವುದು ಒಂದು ಹುಳಕ್ಕೆ. ಒಣಕಡ್ಡಿಯಂಥ ಮೈ, ಮೂರು ಮೂಲೆಯ ತಲೆ, ಎದೆಗೆ ಮಡಚಿದ ಗರಗಸದಂಥ ಕೈ. ಅದು ಎಲೆ ಮೇಲೆ ಕಂಡರೆ ಸಾಕು, ಅಂಟು ಮೆತ್ತಿ ಕಪ್ಪಾದ ಕೈ ಜೋಡಿಸಿ, "ಅದೇ ಮೊದ್ಲು ಮುಗೀತು, ನಾ ಸುಮ್ಕಿದ್ರೆ ಮರ್ವಾದೆ ಅಲ್ಲ" ಅನ್ನುತ್ತಾಳೆ. ಅದು ರಪ್ಪನೆ ಎಲೆಹುಳವನ್ನು ಹಿಡಿದು ತಿನ್ನತೊಡಗಿದರೆ, "ಉಣ್ಣವ್ವ" ಎಂದು ಮುಂದಿನ ಗಿಡಕ್ಕೆ ಹೋಗುತ್ತಾಳೆ. ಹೆಣ್ಣು ತನ್ನ ಗಂಡನ್ನೇ ತಿಂದ ದಿನವೂ, "ಏನ್ ಕಾಟ ಕೊಟ್ಟಿದ್ನೋ" ಎಂದು ಅದರ ಪರವೇ ವಹಿಸಿದಳು. ಸೊಪ್ಪು ಮುಗಿದು ಕಡ್ಡಿ ಕಿತ್ತು ಸುಡುವಾಗ, ಒಣಗಿದ ನೊರೆಯಂಥ ಮೊಟ್ಟೆಗೂಡು ಅಂಟಿದ ಕಡ್ಡಿಗಳನ್ನು ಮಾತ್ರ ಆರಿಸಿ ಬೇಲಿಗೆ ಸಿಕ್ಕಿಸುತ್ತಾಳೆ. ಮಳೆ ಶುರುವಾಗುವ ಹೊತ್ತಿಗೆ ಇರುವೆಯಷ್ಟು ಗಾತ್ರದ ನೂರು ಮರಿ ಹೊರಬಂದು, ಹುಟ್ಟುತ್ತಲೇ ಕೈಮುಗಿದು ನಿಲ್ಲುತ್ತವೆ. "ಅದು ಕೈ ಮಡಚೋದು ಬ್ಯಾಟೆಗೆ ಅಂತ ಗೊತ್ತು ಬುದ್ದಿ. ಆದ್ರೂ ಈ ಊರಲ್ಲಿ ನನ್ನ ಕಂಡು ಕೈ ಮುಗಿಯೋರು ಇನ್ಯಾರವ್ರೆ?" ಎಂದು ಒಮ್ಮೆ ಕೇಳಿದ್ದಳು. ಈ ಸಲ ಸೊಪ್ಪು ಒಂದೂ ತೂತಿಲ್ಲದೆ ಬಂದಾಗ ನಾನು ಅವಳ ಮುಂದೆ ನಿಂತು ಕೈಮುಗಿದೆ. ಅವಳು ಹೊರೆ ಇಳಿಸಿ, ಮರ್ಯಾದೆ ತಪ್ಪದಂತೆ ತಾನೂ ಅಂಟುಗೈ ಜೋಡಿಸಿಯೇ ಕೇಳಿದಳು: "ಯಾರ್ನ ಇಡಿಯಾಕೆ ಬುದ್ದಿ, ಇಂಗೆ ನಿಂತಿರೋದು?"