ನಿಂಬೆಹಣ್ಣಿಗೆ ಚುಚ್ಚಿಟ್ಟ ಬಾಣದ ಮೊನೆ

ಇವತ್ತು ಆಯುಧಪೂಜೆ. ಸೈಕಲ್ಲು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲ ಸ್ನಾನ ಮಾಡಿದ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಸ್ಕ್ರೂಡ್ರೈವರ್ ಹುಡುಕುತ್ತಿದ್ದ ನನ್ನ ಕೈಗೆ ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಮೆಷಿನ್ ಎಣ್ಣೆಯ ವಾಸನೆ. ಒಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಬಾಣದ ಮೊನೆಗಳು. ಒಂದು ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಇನ್ನೊಂದರ ಮೈತುಂಬ ಕಪ್ಪು ಕಲೆ.

ಜಿಂಕೆ ಹೊಡೆಯುವ ಮೊನೆಗಳು ಇವು. ಬದನೆಕಾಯಿ ಹೆಚ್ಚುವುದಕ್ಕಿಂತ ದೊಡ್ಡ ಹಿಂಸೆ ನಡೆಯದ ಮನೆ ನಮ್ಮದು. ಅದೂ ಡಚ್ಚರ ದೇಶದ ಡೀಮೆನ್ ಎಂಬ ಊರಿನ ಮೂರನೇ ಮಹಡಿಯ ಫ್ಲ್ಯಾಟು. ಇಲ್ಲಿ ಇವಕ್ಕೇನು ಕೆಲಸ ಎಂದು ನೀವು ಕೇಳುವುದು ಸಹಜ.

ಅದಕ್ಕೆ ಹೆಂಕ್ ಅವರ ವಿಷಯ ಹೇಳಬೇಕು. ಟ್ರಾಮ್ ರಿಪೇರಿಯ ಕೆಲಸದಿಂದ ನಿವೃತ್ತರಾದವರು, ಬಿಲ್ಲುಗಾರಿಕೆಯ ಕ್ಲಬ್ಬಿನಲ್ಲಿ ಪರಿಚಯವಾದವರು. ಅವರನ್ನು ನೋಡಿ ವರ್ಷಗಳೇ ಆದವು; ಮೀಸೆ ಇತ್ತು ಎಂದು ನನ್ನ ನೆನಪು. ಯಾವತ್ತೂ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಸುಧಾ. ನನ್ನ ನೆನಪಿನ ಯೋಗ್ಯತೆ ಇಷ್ಟು. ಇದು ತಿಳಿದೇ ಮುಂದಿನದನ್ನು ಓದಿ. ಆ ಕ್ಲಬ್ಬಿಗೆ ನಾನು ಸೇರಿದ್ದಾದರೂ ಶೌರ್ಯಕ್ಕಲ್ಲ. ಈಜು, ಚೆಸ್ಸು, ಡಚ್ ಭಾಷೆಯ ಸಂಜೆ ತರಗತಿ, ಎಲ್ಲವನ್ನೂ ಅರ್ಧಕ್ಕೆ ಬಿಟ್ಟವನಿಗೆ ಅರ್ಧಕ್ಕೆ ಬಿಡಲು ಇನ್ನೊಂದು ಬೇಕಿತ್ತು.

ಈ ದೇಶದಲ್ಲಿ ಬಿಲ್ಲಿನಿಂದ ಬೇಟೆಯಾಡುವ ಹಾಗಿಲ್ಲ. ಹೆಂಕ್ ವರ್ಷಕ್ಕೊಮ್ಮೆ ಪರವಾನಗಿ ಪಡೆದು ಹಂಗೇರಿಗೆ ಹೋಗುತ್ತಿದ್ದರು. ಜಿಂಕೆ ಕೊಲ್ಲುವ ಮನುಷ್ಯನ ಜೊತೆ ಕಾಫಿ ಕುಡಿಯುವುದು ಮೊದಮೊದಲು ನನಗೆ ಕಷ್ಟವಾಗಿತ್ತು. ಒಂದು ಮಧ್ಯಾಹ್ನ ಅವರು ತಾವಾಗಿಯೇ ಹೇಳಿದರು. ಹಿಂದಿನ ವರ್ಷ ಅವರ ಬಾಣದ ತೆಳು ಅಲಗು ಮೂಳೆಗೆ ತಾಗಿ ಮುರಿದಿತ್ತು. ಗಾಯಗೊಂಡ ಜಿಂಕೆ ಕಾಡಿನೊಳಗೆ ಓಡಿಹೋಯಿತು. ನಾಯಿ ಕರೆದುಕೊಂಡು ಎರಡು ದಿನ ಹುಡುಕಿದರೂ ಸಿಗಲಿಲ್ಲ.

"ಅದು ಎಲ್ಲಿ ಹೋಗಿ ಬಿತ್ತೋ, ಎಷ್ಟು ನರಳಿತೋ ನನಗೆ ಗೊತ್ತಿಲ್ಲ. ಇನ್ನೊಂದೇ ಸಲ ಹೋಗ್ತೀನಿ. ನಂಬೋಕಾಗೋ ಮೊನೆ ಸಿಗದೆ ಇದ್ರೆ ಬಿಲ್ಲು ಗೋಡೆಗೆ" ಎಂದರು. "ನೀನು ಲೋಹದ ವಿಷಯ ಓದಿದವನಲ್ವಾ? ಆರಿಸೋಕೆ ಸಹಾಯ ಮಾಡು."

ಮಾಂಸ ತಿನ್ನದವನು ಇಂಥ ಕೆಲಸಕ್ಕೆ ಕೈಹಾಕಬಹುದೇ ಎಂದು ಒಂದು ವಾರ ಯೋಚಿಸಿದೆ. ಇವರು ಹೋಗುವುದಂತೂ ಹೋಗುತ್ತಾರೆ. ಮುರಿಯದ ಮೊನೆ ಇದ್ದರೆ ಕಡೇಪಕ್ಷ ಒಂದು ಪ್ರಾಣಿ ನರಳುವುದು ತಪ್ಪುತ್ತದೆ ಎಂದುಕೊಂಡೆ. ಓದಿದವರಿಗೆ ಸಮರ್ಥನೆ ಬೇಗ ಸಿಗುತ್ತದೆ.

ಬಾಣ ತಾಗಿದ ಮೇಲೆ ಬಿಚ್ಚಿಕೊಳ್ಳುವ ಅಲಗುಗಳನ್ನು ಹೆಂಕ್ ಮೊದಲೇ ತಳ್ಳಿಹಾಕಿದ್ದರು. "ಟ್ರಾಮ್ ಬಾಗಿಲಿನ ಹಾಗೆ. ತೆಗೀಬೇಕಾದಾಗಲೇ ತೆಗೆಯಲ್ಲ." ಉಳಿದದ್ದು ಕದಲದ ಅಲಗಿನವು, ಒಂದೇ ಉಕ್ಕಿನ ತುಂಡಿನಲ್ಲಿ ಕಡೆದವು. ಅವನ್ನು ಬಾಣಕ್ಕೆ ಸಿಕ್ಕಿಸಿ ಅಂಗೈ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿದೆವು; ಓಲಾಡಿದ್ದನ್ನು ತೆಗೆದಿಟ್ಟೆವು. ಪ್ಲೈವುಡ್ಡಿಗೆ ಹೊಡೆದೆವು, ಬಾಗಿದ್ದನ್ನು ತೆಗೆದಿಟ್ಟೆವು. ಎಳೆದು ಕಟ್ಟಿದ ರಬ್ಬರ್ ಬ್ಯಾಂಡಿಗೆ ಅಲಗು ತಾಗಿಸಿದೆವು. ತಾಗಿದ ಕೂಡಲೇ ತುಂಡಾಗಬೇಕು, ಹಿಗ್ಗಿದರೆ ಅದೂ ಹೊರಗೆ. ಕೊನೆಗೆ ಉಳಿದದ್ದು ಎರಡು. ನನ್ನ ಮತ ಕಾರ್ಬನ್ ಉಕ್ಕಿಗೆ. ಅದಕ್ಕೆ ಬರುವ ಹರಿತವೇ ಬೇರೆ. ಹೆಂಕ್ ಮನಸ್ಸು ಸ್ಟೇನ್‌ಲೆಸ್ ಕಡೆಗಿತ್ತು. ನಾನು ಗ್ರಾಫ್ ಬರೆದು ತೋರಿಸಿದೆ. ಅವರು ಗ್ರಾಫನ್ನು ಮಡಚಿ ಕಾಫಿ ಲೋಟದ ಕೆಳಗಿಟ್ಟು, "ಎರಡನ್ನೂ ಮಸೆದು ತಾ. ಆಮೇಲೆ ನೋಡೋಣ" ಎಂದರು.

ಮಸೆದಾಯಿತು. ಅಷ್ಟರಲ್ಲಿ ಆ ವರ್ಷದ ಆಯುಧಪೂಜೆ ಬಂತು.

"ಏನ್ರೀ, ವರ್ಷಾ ವರ್ಷಾ ಮಿಕ್ಸಿಗೆ ಕುಂಕುಮ ಇಟ್ಟು ಸಾಕಾಗಿದೆ. ಈ ಸಲ ನಿಜವಾದ ಆಯುಧಾನೇ ಇದೆ, ಇಡೋಣ" ಎಂದಳು ಸುಧಾ. ಅರಿಸಿನ ಕಲಸಿದ್ದಾಯಿತು, ನಿಂಬೆಹಣ್ಣು ಹೋಳಾಗಿ ಅದಕ್ಕೆ ಅರಿಸಿನ ಬಳಿದದ್ದಾಯಿತು. ಆಗ ಮಗಳು ದಿಯಾ ಇನ್ನೂ ಅಂಬೆಗಾಲಿನವಳು. ಅವಳಿಗೆ ಚುಚ್ಚೀತೆಂದು ಎರಡು ಮೊನೆಗಳನ್ನೂ ಕೆಳಮುಖವಾಗಿ ಒಂದೊಂದು ಹೋಳಿಗೆ ಸಿಕ್ಕಿಸಿ, ಮೇಲಿನ ಕಪಾಟಿನಲ್ಲಿ ದೇವಿಯ ಪಟದ ಮುಂದೆ ಇಡಲಾಯಿತು. ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ತೆಗೆದರೆ ನನ್ನ ಕಾರ್ಬನ್ ಉಕ್ಕು ಕಪ್ಪಗಾಗಿತ್ತು, ಅಂಚು ಸತ್ತುಹೋಗಿತ್ತು. ಸ್ಟೇನ್‌ಲೆಸ್ ಮಾತ್ರ ಏನೂ ಆಗದಂತೆ ನಗುತ್ತಿತ್ತು. ಒಂದೇ ಹಣ್ಣು, ಒಂದೇ ಹೊತ್ತು: ಪ್ರಯೋಗಾಲಯದಲ್ಲೂ ಅಷ್ಟು ಚೊಕ್ಕವಾಗಿ ನನ್ನನ್ನು ಯಾರೂ ಸೋಲಿಸಿರಲಿಲ್ಲ.

ಅವತ್ತೇ ಹೆಂಕ್ ಬಂದರು. ನಾನು ಕಲೆಬಿದ್ದ ಮೊನೆ ಮುಂದಿಟ್ಟು, ಕಾಫಿ ತಂದಿಡುತ್ತಿದ್ದ ಸುಧಾಳನ್ನು ತೋರಿಸಿ, ನಿಂಬೆಹಣ್ಣಿಗೆ ಚುಚ್ಚಿದ್ದು ನನ್ನ ಹೆಂಡತಿ ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನೂ ಒಮ್ಮೆ ನೋಡಿ ಹೇಳಿದರು: "ಒಂದು ನಿಂಬೆಹಣ್ಣು ತಡೀದೆ ಇರೋದು ವಾರವಿಡೀ ಮಳೆ ತಡೀತದಾ?" ಸ್ಟೇನ್‌ಲೆಸ್ ತೆಗೆದುಕೊಂಡು ಹೋದರು.

ಎರಡು ವಾರದ ಮೇಲೆ ಮತ್ತೆ ಬಂದರು. ಜಿಂಕೆ ಇಪ್ಪತ್ತು ಹೆಜ್ಜೆ ಓಡಿ, ಅವರ ಕಣ್ಣೆದುರೇ ಮಲಗಿಬಿಟ್ಟಿತಂತೆ. "ಹುಡುಕೋ ಹಾಗಾಗಲಿಲ್ಲ" ಎಂದಷ್ಟೇ ಹೇಳಿದರು. ಬಿಲ್ಲು ಗೋಡೆಗೇರಿತ್ತು, ಆದರೆ ಸೋತಲ್ಲ. ಮೊನೆಯನ್ನು ನಮಗೇ ಕೊಟ್ಟರು. "ತೊಳೆದಿದ್ದಾರೆ ತಾನೆ?" ಎಂದು ಸುಧಾ ಕನ್ನಡದಲ್ಲಿ ನನ್ನ ಕಿವಿಯಲ್ಲಿ ಕೇಳಿದಳು. ಅವಳ ಕೈಗೆ ಅವರು ಒಂದು ದೊಡ್ಡ ಹೂಗುಚ್ಛ ಕೊಟ್ಟಿದ್ದರು. ನನಗೆ ಕೈಕುಲುಕು.

ಈ ಕಥೆಯನ್ನು ನೆಂಟರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ದಿಯಾಗೂ ಹೇಳುತ್ತಿದ್ದೆ. "ಅಮ್ಮ ಹೋಗಿ ನಿಂಬೆಹಣ್ಣಿಗೆ ಚುಚ್ಚಿಬಿಟ್ಟಳು" ಎನ್ನುವಾಗ ಸುಧಾ ಒದ್ದೆ ಕೈ ಒರೆಸಿಕೊಂಡು, ಫೋನಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದಳು. ಅವತ್ತು ಅವಳು ತನ್ನ ಅಮ್ಮನಿಗೆ ಕಳಿಸಿದ್ದ ಪೂಜೆಯ ಫೋಟೊ. ನಿಂಬೆಹೋಳು, ಮೊನೆ, ಅದನ್ನು ಚುಚ್ಚುತ್ತಿರುವ ಕೈ. ಆ ಕೈಯ ಮಣಿಕಟ್ಟಿನಲ್ಲಿ ನನ್ನ ಗಡಿಯಾರ.

"ಅಪ್ಪಾ, ದಟ್ಸ್ ಯು!" ಎಂದಳು ದಿಯಾ.

ಅವತ್ತು ಬೇಕೆಂದೇ ಸುಳ್ಳು ಹೇಳಿದೆನೋ, ಹೇಳಿ ಹೇಳಿ ನಾನೇ ನಂಬಿದೆನೋ, ಪ್ರಮಾಣ ಮಾಡಿ ಹೇಳಲಾರೆ. "ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?" ಎಂದೆ.

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಹೂವು ಬಂತು, ಚೆನ್ನಾಗಿತ್ತು" ಎಂದಳು.

ತಡೆಯದೆ ಹೆಂಕ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು: "ಗೊತ್ತಿತ್ತಪ್ಪ. ಅವತ್ತು ನಿನ್ನ ಉಗುರೆಲ್ಲ ಹಳದಿಯಾಗಿತ್ತು."

"ಮತ್ತೆ ಹೂವು ಅವಳಿಗೆ ಯಾಕೆ ಕೊಟ್ಟಿರಿ?"

"ನೀನು ಅವಳ ಹೆಸರು ಹೇಳಿದಾಗ ಅವಳು ಬಾಯಿ ಬಿಡಲಿಲ್ಲ, ಅದಕ್ಕೆ." ಆಮೇಲೆ, "ಹೇಗಿದೆ ನಿನ್ನ ಮೊನೆ?" ಎಂದರು. ನಿನ್ನ ಎಂದದ್ದು ಕಲೆಬಿದ್ದದ್ದಕ್ಕೆ.

ಜಿಂಕೆಯೊಂದು ನರಳದೆ ಹೋಗಲು ನನ್ನ ವಿದ್ಯೆ ಕಾರಣವಲ್ಲ, ನನ್ನ ತಪ್ಪು. ಆ ತಪ್ಪನ್ನು ಇಬ್ಬರು ಇಷ್ಟು ವರ್ಷ ನನಗೆ ನೋವಾಗದಂತೆ ಕಾಪಾಡಿಕೊಂಡು ಬಂದಿದ್ದರು.

"ಯಾವುದಕ್ಕೆ ಫಸ್ಟ್ ಕುಂಕುಮ?" ದಿಯಾ ಕೇಳಿದಳು. ಕಲೆಬಿದ್ದದ್ದನ್ನು ತೋರಿಸಿದೆ. ನಿಂಬೆಹಣ್ಣನ್ನು ಮಾತ್ರ ಸುಧಾ ನನ್ನ ಕೈಗೆ ಸಿಗದಷ್ಟು ದೂರ ಇಟ್ಟಿದ್ದಳು. ಮಧ್ಯಾಹ್ನ ಕೋಸಂಬರಿ ಕಟ್ಟಿಕೊಂಡು ಟ್ರಾಮಿನಲ್ಲಿ ಹೆಂಕ್ ಮನೆಗೆ ಹೊರಟಿದ್ದೇನೆ. ಅವರಿಗೆ ಮೀಸೆ ಇದೆಯೋ ಇಲ್ಲವೋ ನೋಡಬೇಕು. ಉಗುರಿನ ಅರಿಸಿನ ತೊಳೆದುಕೊಂಡಿಲ್ಲ.